ಒಂದೇ ರೈಫಲ್ ಒಯ್ಯುವುದಾದರೆ

ಈ ಬಾರಿಯ ಬೇಟೆಯ ಪರವಾನಗಿಯಲ್ಲಿ ನಮಗೆ ಎರಡು ಪ್ರಾಣಿಗಳಿವೆ: ಬಯಲಿನಲ್ಲಿ ಹುಲ್ಲೆಯಂಥ ಪ್ರಾಂಗ್‌ಹಾರ್ನ್, ಬೆಟ್ಟದ ಕಾಡಿನಲ್ಲಿ ದೊಡ್ಡ ಜಿಂಕೆಯಾದ ಎಲ್ಕ್. ಪ್ರಾಂಗ್‌ಹಾರ್ನ್ ಗಂಡು ಐವತ್ತು ಕಿಲೋ ಆಸುಪಾಸು ತೂಗುತ್ತದೆ. ಬಲಿತ ಗಂಡು ಎಲ್ಕ್ ಮುನ್ನೂರು ಕಿಲೋ ದಾಟುತ್ತದೆ. ಮೊದಲನೆಯದು ಬಟ್ಟಬಯಲಿನಲ್ಲಿ ನಿಂತು ಬಹು ದೂರದಿಂದಲೇ ನಮ್ಮನ್ನು ಕಂಡುಬಿಡುತ್ತದೆ. ಎರಡನೆಯದು ಮರಗಳ ಸಂದಿಯಲ್ಲಿ ಐವತ್ತು ಮೀಟರಿಗೇ ಎದುರಾಗಬಹುದು. ಈ ಎರಡಕ್ಕೂ ಒದಗುವ, ದಿನವಿಡೀ ಹೆಗಲ ಮೇಲೆ ಹೊತ್ತು ನಡೆಯಬಹುದಾದ ಒಂದೇ ರೈಫಲ್ ಯಾವುದು ಎಂದು ಕೇಳಿದವಳು ನಮ್ಮ ತಂಡಕ್ಕೆ ಹೊಸದಾಗಿ ಸೇರಿದ ಹುಡುಗಿ. ‘ಅಕ್ಕಾ, ಕ್ಯಾಲಿಬರ್ ಯಾವುದೆಂದು ಹೇಳಿಬಿಡಿ, ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ’ ಎಂದಳು. ಕ್ಯಾಲಿಬರ್, ಅಂದರೆ ನಳಿಗೆಯ ಒಳಅಗಲದ ಅಳತೆ, ಆಮೇಲೆ; ಮೊದಲು ಗುಂಡಿನ ಮಾತಾಡೋಣ ಎಂದೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಗುಂಡಿನಿಂದ ಶುರುಮಾಡಲು ಕಾರಣವಿದೆ. ರೈಫಲ್ ಎಷ್ಟೇ ಚೆಲುವಾಗಿರಲಿ, ಎಷ್ಟೇ ನಿಖರವಾಗಿರಲಿ, ಪ್ರಾಣಿಯನ್ನು ಮುಟ್ಟುವುದು ಹತ್ತೋ ಹನ್ನೊಂದೋ ಗ್ರಾಂ ತೂಕದ ಒಂದು ಲೋಹದ ತುಂಡು. ಪ್ರಾಣಿ ನಮಗೆ ಪೂರ್ತಿ ಅಡ್ಡವಾಗಿ ನಿಂತಿದ್ದರೆ ಯಾವ ಗುಂಡಾದರೂ ಪಕ್ಕೆಲುಬು ದಾಟಿ ಶ್ವಾಸಕೋಶ ಸೇರುತ್ತದೆ. ಆದರೆ ಎಲ್ಕ್ ಬಹಳ ಸಲ ಹಾಗೆ ನಿಲ್ಲುವುದಿಲ್ಲ. ಅರ್ಧ ಬೆನ್ನು ತಿರುಗಿಸಿ ನಿಂತಿರುತ್ತದೆ. ಆಗ ಗುಂಡು ಕೊನೆಯ ಪಕ್ಕೆಲುಬುಗಳ ಬಳಿ ಒಳಹೊಕ್ಕು, ಹುಲ್ಲು ತುಂಬಿದ ಹೊಟ್ಟೆಯ ಅಂಚನ್ನು ಸವರಿಕೊಂಡು, ಎದೆಯವರೆಗೆ ನೇರವಾಗಿ ಸಾಗಬೇಕು. ಮುಂಗಾಲಿನ ಕಡೆಯಿಂದ ಓರೆಯಾಗಿ ಹೊಡೆದರೆ ದಪ್ಪನೆಯ ಭುಜದ ಮೂಳೆ ಅಡ್ಡ ಬರುತ್ತದೆ. ಬೇಗ ಚೂರಾಗುವ ಗುಂಡು ಅಲ್ಲೇ ತನ್ನ ಕಸುವನ್ನೆಲ್ಲ ಚೆಲ್ಲಿಬಿಡುತ್ತದೆ. ಮೇಲೆ ದೊಡ್ಡ ಗಾಯ, ಒಳಗೆ ಏನೂ ಇಲ್ಲ. ಅಂಥ ಪ್ರಾಣಿ ಓಡಿಹೋಗಿ ದಿನಗಟ್ಟಲೆ ನರಳಿ ಸಾಯುತ್ತದೆ. ಬೇಟೆಗಾರರಾಗಿ ನಾವು ಅದಕ್ಕೆ ಮಾಡಬಹುದಾದ ಅತ್ಯಂತ ದೊಡ್ಡ ಅನ್ಯಾಯ ಅದೇ ಎಂದು ನಾನು ನಂಬುತ್ತೇನೆ. ಆದ್ದರಿಂದ ರೈಫಲ್ಲಿನ ಆಯ್ಕೆಯೆಂದರೆ ನನಗೆ ಅತಿ ದೊಡ್ಡ ಪ್ರಾಣಿ, ಅತಿ ಕೆಟ್ಟ ಕೋನ, ನಾನು ಖಚಿತವಾಗಿ ಹೊಡೆಯಬಲ್ಲ ಅತಿ ಹೆಚ್ಚಿನ ದೂರ, ಈ ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ಹಾಕುವ ಲೆಕ್ಕ.

ಈ ಸಮಸ್ಯೆ ಹಳೆಯದು. 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಜಾನ್ ನಾಸ್ಲರ್ ಎಂಬ ಬೇಟೆಗಾರ .300 ಹಾಲೆಂಡ್ ಅಂಡ್ ಹಾಲೆಂಡ್ ಮ್ಯಾಗ್ನಮ್‌ನಂಥ ಬಲವಾದ ರೈಫಲ್ ಹಿಡಿದು, ಜಿಂಕೆ ಕುಲದಲ್ಲೇ ಅತಿ ದೊಡ್ಡದಾದ ಮೂಸ್ ಬೇಟೆಗೆ ಹೋಗಿದ್ದ. ಮೈತುಂಬ ಕೆಸರು ಮೆತ್ತಿಕೊಂಡಿದ್ದ ಗಂಡು ಮೂಸ್ ಒಂದಕ್ಕೆ ಅವನ ಗುಂಡುಗಳು ತಗುಲಿದರೂ ಮೇಲ್ಮೈಯಲ್ಲೇ ಒಡೆದು, ಆಳಕ್ಕೆ ಇಳಿಯಲಿಲ್ಲ. ಅಲ್ಲಿಂದ ಬಂದು ಅವನು ರೂಪಿಸಿದ್ದು ನಡುವೆ ಲೋಹದ ಅಡ್ಡಗೋಡೆಯಿರುವ ಪಾರ್ಟಿಶನ್ ಗುಂಡು. ಮುಂಭಾಗದ ಸೀಸ ಅರಳುತ್ತದೆ, ಹಿಂಭಾಗದ ಸೀಸ ಗೋಡೆಯ ಹಿಂದೆ ಭದ್ರವಾಗಿದ್ದು ಮುಂದಕ್ಕೆ ನೂಕುತ್ತದೆ. ನಂತರ ಸೀಸವನ್ನು ಹೊರಕವಚಕ್ಕೆ ಬೆಸೆದ ಗುಂಡುಗಳು ಬಂದವು, ಪೂರ್ತಿ ತಾಮ್ರದ ಗುಂಡುಗಳು ಬಂದವು. ಮೂರೂ ಒಳ್ಳೆಯವೇ. ನನಗೆ ಈಗ ತಾಮ್ರದ ಮೇಲೆ ಒಲವು. ಸೀಸದ ಚೂರುಗಳು ಮಾಂಸದಲ್ಲೂ, ನಾವು ಕಾಡಿನಲ್ಲಿ ಬಿಟ್ಟುಬರುವ ಕರುಳಿನಲ್ಲೂ ಉಳಿಯುತ್ತವೆ. ಅದನ್ನು ತಿಂದ ಹದ್ದು, ರಣಹದ್ದುಗಳಿಗೆ ವಿಷವೇರುತ್ತದೆ. ಕ್ಯಾಲಿಫೋರ್ನಿಯಾ 2019ರ ಜುಲೈ 1ರಿಂದ ಎಲ್ಲ ಬೇಟೆಗೂ ಸೀಸವಿಲ್ಲದ ಗುಂಡನ್ನೇ ಕಡ್ಡಾಯ ಮಾಡಿದೆ. ಉಳಿದ ಕಡೆ ಕಡ್ಡಾಯ ಮಾಡುವವರೆಗೆ ಕಾಯಬೇಕಾದ ಅಗತ್ಯ ನನಗೆ ಕಾಣುವುದಿಲ್ಲ.

ತಾಮ್ರಕ್ಕೆ ಹೋಗುವವರು ಒಂದು ವಿಷಯ ತಿಳಿದಿರಬೇಕು. ಅದು ಸೀಸಕ್ಕಿಂತ ಹಗುರ. ಸೀಸದ ಸಾಂದ್ರತೆ 11.3 ಆದರೆ ತಾಮ್ರದ್ದು 9ಕ್ಕಿಂತ ತುಸು ಕಡಿಮೆ. ಅದೇ ತೂಕದ ಗುಂಡು ಬೇಕೆಂದರೆ ಉದ್ದವಾಗಿರಬೇಕಾಗುತ್ತದೆ, ಉದ್ದನೆಯ ಗುಂಡನ್ನು ನಳಿಗೆಯ ಒಳಗಿನ ಸುರುಳಿಗೆರೆಗಳು ಇನ್ನಷ್ಟು ವೇಗವಾಗಿ ತಿರುಗಿಸಬೇಕಾಗುತ್ತದೆ. ತಾಮ್ರದ ಗುಂಡು ತನ್ನ ತೂಕವನ್ನು ಬಹುಪಾಲು ಹಾಗೆಯೇ ಉಳಿಸಿಕೊಳ್ಳುವುದರಿಂದ ಒಂದು ಮೆಟ್ಟಿಲು ಹಗುರವಾದದ್ದನ್ನು ಆರಿಸಿಕೊಳ್ಳಬಹುದು. ಸೀಸದಲ್ಲಿ 180 ಗ್ರೇನ್ (ಗುಂಡಿನ ತೂಕದ ಅಳತೆ, ಒಂದು ಗ್ರಾಂಗೆ ಸುಮಾರು 15 ಗ್ರೇನ್) ಬಳಸುತ್ತಿದ್ದ ಕಡೆ ನಾನು ತಾಮ್ರದಲ್ಲಿ 165ರ ಆಸುಪಾಸಿನದನ್ನು ಬಳಸುತ್ತೇನೆ. ಎಲ್ಕ್‌ಗೆಂದು ಆರಿಸಿದ ಈ ಗಟ್ಟಿ ಗುಂಡು ಪ್ರಾಂಗ್‌ಹಾರ್ನ್‌ಗೂ ನಡೆಯುತ್ತದೆ. ಈ ಕಡೆ ಹೊಕ್ಕು ಆ ಕಡೆ ಹೊರಬೀಳುತ್ತದೆ, ಮಾಂಸವೂ ಹೆಚ್ಚು ಹಾಳಾಗುವುದಿಲ್ಲ. ಪ್ರಾಂಗ್‌ಹಾರ್ನ್‌ಗೆಂದು ಆರಿಸಿದ ಮೆದು ಗುಂಡು ಎಲ್ಕ್‌ಗೆ ನಡೆಯುವುದಿಲ್ಲ. ಎರಡು ಪ್ರಾಣಿಗೆ ಒಂದೇ ರೈಫಲ್ ಎಂದಾಗ ಲೆಕ್ಕ ಯಾವಾಗಲೂ ದೊಡ್ಡದರ ಕಡೆಯಿಂದ ಶುರುವಾಗುವುದು ಇದಕ್ಕೇ.

ಇಷ್ಟು ನಿಶ್ಚಯವಾದ ಮೇಲೆ ಕ್ಯಾಲಿಬರ್. ನನ್ನ ಮಟ್ಟಿಗೆ ಉತ್ತರ .30-06 ಸ್ಪ್ರಿಂಗ್‌ಫೀಲ್ಡ್. 1906ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ಬಂದ ತೋಟಾ. ಹೆಸರಿನಲ್ಲಿರುವ .30 ಅಂಗುಲದ ಲೆಕ್ಕದ ಅಗಲ, 06 ಆ ವರ್ಷದ್ದೇ. 1909ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಪೂರ್ವ ಆಫ್ರಿಕಾಕ್ಕೆ ಬೇಟೆಗೆ ಹೋದಾಗ ಅವರ ಸಾಮಾನಿನಲ್ಲಿ ಈ ಸ್ಪ್ರಿಂಗ್‌ಫೀಲ್ಡ್ ಇತ್ತು. ಅವರೂ ಅದೊಂದನ್ನೇ ಒಯ್ಯಲಿಲ್ಲ ಎಂಬುದು ಬೇರೆ ಮಾತು, ಭಾರಿ ಪ್ರಾಣಿಗಳಿಗೆಂದು .405 ವಿಂಚೆಸ್ಟರ್ ಮತ್ತು ಹಾಲೆಂಡ್ ಅಂಡ್ ಹಾಲೆಂಡ್ ಜೋಡುನಳಿಗೆ ಜೊತೆಗಿದ್ದವು. .30-06ಕ್ಕೆ 110 ಗ್ರೇನ್‌ನಿಂದ 220 ಗ್ರೇನ್‌ವರೆಗಿನ ಗುಂಡುಗಳು ಸಿಗುತ್ತವೆ. 165 ಗ್ರೇನ್ ಗುಂಡು ನಳಿಗೆಯಿಂದ ಸೆಕೆಂಡಿಗೆ ಸುಮಾರು 850 ಮೀಟರ್ ವೇಗದಲ್ಲಿ ಹೊರಡುತ್ತದೆ. ಬೇಟೆ ಇರುವ ಬಹುತೇಕ ಎಲ್ಲ ಕಡೆಯೂ ಇದರ ತೋಟಾ ಅಂಗಡಿಯಲ್ಲಿ ಇರುತ್ತದೆ. ವಿಮಾನದಲ್ಲಿ ತೋಟಾದ ಪೆಟ್ಟಿಗೆ ಕಳೆದುಹೋದವರಿಗೆ ಈ ಕೊನೆಯ ಗುಣದ ಬೆಲೆ ಗೊತ್ತು.

.308 ವಿಂಚೆಸ್ಟರ್ ಅದರ ತಮ್ಮನಂತೆ. 1952ರಲ್ಲಿ ಬಂತು. ಮದ್ದು ತುಂಬುವ ಕವಚದ ಉದ್ದ 63 ಮಿಲಿಮೀಟರ್ ಬದಲು 51, ಅದರಿಂದ ಬೋಲ್ಟ್ (ತೋಟಾವನ್ನು ನಳಿಗೆಯೊಳಗೆ ತಳ್ಳಿ ಮುಚ್ಚುವ ಸರಳು) ಹಿಂದೆಮುಂದೆ ಓಡುವ ದೂರ ಕಡಿಮೆ, ರೈಫಲ್ ತುಸು ಚಿಕ್ಕದು ಮತ್ತು ಹಗುರ. ಅದೇ ಗುಂಡನ್ನು ಸೆಕೆಂಡಿಗೆ ಇಪ್ಪತ್ತೈದು ಮೂವತ್ತು ಮೀಟರ್ ನಿಧಾನವಾಗಿ ಕಳುಹಿಸುತ್ತದೆ, ಅಷ್ಟೇ. ಎಲ್ಕ್‌ಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ತೀರಾ ಭಾರವಾದ ಗುಂಡು ಬೇಕೆನಿಸಿದಾಗ ಮಾತ್ರ .30-06 ಮುಂದೆ ನಿಲ್ಲುತ್ತದೆ. ಇನ್ನು 6.5 ಮಿಲಿಮೀಟರಿನವು. 1894ರ 6.5×55 ಸ್ವೀಡಿಶ್ ತೋಟಾದಿಂದ ಸ್ಕ್ಯಾಂಡಿನೇವಿಯಾದ ಬೇಟೆಗಾರರು ತಲೆಮಾರುಗಳಿಂದ ಮೂಸ್ ಹೊಡೆಯುತ್ತ ಬಂದಿದ್ದಾರೆ. ಉದ್ದನೆಯ ಸಪೂರ ಗುಂಡು ಆಳಕ್ಕೆ ಇಳಿಯುತ್ತದೆ. ಅದನ್ನು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ಆದರೂ ದೊಡ್ಡ ಎಲ್ಕ್‌ನ ಭುಜದ ಮೂಳೆ ಎದುರಿಗಿದ್ದಾಗ .30ರ ಅಗಲ ಮತ್ತು ತೂಕ ನನಗೆ ಹೆಚ್ಚು ಧೈರ್ಯ ಕೊಡುತ್ತವೆ.

ಮ್ಯಾಗ್ನಮ್‌ಗಳ, ಅಂದರೆ ಹೆಚ್ಚು ಮದ್ದು ತುಂಬಿದ ಬಲವಾದ ತೋಟಾಗಳ, ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿಯೇ ಇದೆ. 7 ಮಿಲಿಮೀಟರ್ ರೆಮಿಂಗ್ಟನ್ ಮ್ಯಾಗ್ನಮ್ 1962ರದು, .300 ವಿಂಚೆಸ್ಟರ್ ಮ್ಯಾಗ್ನಮ್ 1963ರದು. ಎರಡೂ ಅದ್ಭುತ ತೋಟಾಗಳು, ದೂರದಲ್ಲಿ ಗುಂಡು ಕಡಿಮೆ ಬೀಳುತ್ತದೆ, ಗಾಳಿಗೆ ಕಡಿಮೆ ಸರಿಯುತ್ತದೆ. ಅದಕ್ಕೆ ತೆರುವ ಬೆಲೆ ಭುಜದಲ್ಲಿದೆ. ನಾಲ್ಕು ಕಿಲೋ ಆಸುಪಾಸಿನ ರೈಫಲ್ಲಿನಲ್ಲಿ .308ರ ಒದೆತ ಸುಮಾರು 23 ಜೂಲ್, .30-06ರದು 26-27, .300 ಮ್ಯಾಗ್ನಮ್‌ನದು 35ರ ಹತ್ತಿರ. ಕಾಗದದ ಮೇಲೆ ಸಣ್ಣ ಅಂಕಿಗಳು, ಹತ್ತನೆಯ ಈಡಿನ ಹೊತ್ತಿಗೆ ಸಣ್ಣವಲ್ಲ.

ಒದೆತದ ನಿಜವಾದ ಹಾನಿ ನೋವಲ್ಲ. ಅದು ಗುರಿಯೊಳಗೆ ನುಸುಳುತ್ತದೆ. ಇದನ್ನು ಕಣ್ಣಾರೆ ನೋಡಲು ಒಂದು ಹಳೆಯ ಪರೀಕ್ಷೆ ಇದೆ. ಗುರಿ ಅಭ್ಯಾಸದ ಮೈದಾನದಲ್ಲಿ ಪಕ್ಕದಲ್ಲಿ ನಿಂತವರು ರೈಫಲ್ಲಿಗೆ ಒಮ್ಮೆ ನಿಜವಾದ ತೋಟಾ, ಒಮ್ಮೆ ಮದ್ದಿಲ್ಲದ ಹುಸಿ ತೋಟಾ ತುಂಬಿ ಕೊಡಬೇಕು. ಯಾವುದಿದೆ ಎಂದು ಹೊಡೆಯುವವರಿಗೆ ತಿಳಿಯಬಾರದು. ನಮ್ಮ ಹುಡುಗಿ ಯಾರದೋ .300 ಮ್ಯಾಗ್ನಮ್ ಎರವಲು ತಂದಿದ್ದಳು. ಮೊದಲೆರಡು ಈಡು ನಿಜವಾದವು, ಗುರಿಯ ನಡುವಿಗೇ ಬಿದ್ದವು. ಮೂರನೆಯದಕ್ಕೆ ನಾನು ಹುಸಿಯನ್ನು ತುಂಬಿಕೊಟ್ಟೆ. ಟ್ರಿಗರ್ ಎಳೆಯುವ ಮುನ್ನವೇ ಅವಳ ಎಡಗಣ್ಣು ಬಿಗಿಯಾಗಿ ಮುಚ್ಚಿತು, ಬಲಭುಜ ಮುಂದಕ್ಕೆ ನೂಕಿತು, ನಳಿಗೆಯ ತುದಿ ಸರ್ರನೆ ಮೂರು ಬೆರಳಷ್ಟು ಕೆಳಗಿಳಿಯಿತು. ಆಮೇಲೆ ‘ಟಿಕ್’ ಎಂಬ ಸದ್ದು. ಅವಳು ರೈಫಲ್ಲನ್ನು ನೋಡಿದಳು, ನನ್ನನ್ನು ನೋಡಿದಳು. ವಿವರಿಸುವ ಅಗತ್ಯ ಬೀಳಲಿಲ್ಲ. ನಳಿಗೆಯ ತುದಿ ಅಷ್ಟು ಅಲುಗಿದರೆ ಇನ್ನೂರು ಮೀಟರಿನಲ್ಲಿ ಗುಂಡು ಎಲ್ಲಿಗೆ ಹೋಗುತ್ತದೆ ಎಂದು ಅವಳೇ ಲೆಕ್ಕ ಹಾಕಿದಳು. ಅದೇ ಪರೀಕ್ಷೆಯನ್ನು .308ರಲ್ಲಿ ಮಾಡಿದಾಗ ಹುಸಿ ತೋಟಾಕ್ಕೂ ನಳಿಗೆ ಅಲುಗಲಿಲ್ಲ.

ನಳಿಗೆಯ ಮೂತಿಗೆ ಬ್ರೇಕ್ (ಮದ್ದಿನ ಅನಿಲವನ್ನು ಪಕ್ಕಕ್ಕೆ ಬಿಡುವ ತೂತುಗಳಿರುವ ತುಂಡು) ಹಾಕಿದರೆ ಒದೆತ ತಗ್ಗುತ್ತದೆಯಲ್ಲ ಎನ್ನುವವರಿದ್ದಾರೆ. ನಿಜ. ಆದರೆ ಸದ್ದು ಪಕ್ಕಕ್ಕೆ ಹೊರಳಿ ಬರುತ್ತದೆ; ಜೊತೆಗಿರುವವರ ಕಿವಿಗೆ ಅಪಾಯ. ಕಾಡಿನಲ್ಲಿ ಆ ಕ್ಷಣಕ್ಕೆ ಎಲ್ಲರೂ ಕಿವಿಗೆ ರಕ್ಷೆ ಹಾಕಿಕೊಂಡಿರುವುದಿಲ್ಲ. ನನ್ನ ತಂಡದಲ್ಲಿ ನಾನು ಅದನ್ನು ಇಷ್ಟಪಡುವುದಿಲ್ಲ.

ಇನ್ನು ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳುವ ವಿಷಯ: ರೈಫಲ್ ಮೈಗೆ ಹೊಂದಬೇಕು. ಟ್ರಿಗರ್‌ನಿಂದ ಭುಜಕ್ಕೆ ಒತ್ತುವ ಪ್ಯಾಡಿನವರೆಗಿನ ಅಂತರ ಕಾರ್ಖಾನೆಯಿಂದ ಬರುವಾಗ ಸಾಮಾನ್ಯವಾಗಿ 34-35 ಸೆಂಟಿಮೀಟರ್ ಇರುತ್ತದೆ. ಇದು ಸರಾಸರಿ ಎತ್ತರದ ಗಂಡಸರ ಅಳತೆ. ನಾನು ಐದಡಿ ಎರಡಂಗುಲ. ದಪ್ಪ ಜಾಕೆಟ್ ಹಾಕಿಕೊಂಡು ಅಂಥ ರೈಫಲ್ ಎತ್ತಿದರೆ ಪ್ಯಾಡು ಕಂಕುಳಿಗೆ ಸಿಕ್ಕಿಕೊಳ್ಳುತ್ತದೆ, ಕತ್ತು ಮುಂದಕ್ಕೆ ಚಾಚಬೇಕಾಗುತ್ತದೆ, ಗುರಿ ನೋಡುವ ದುರ್ಬೀನಾದ ಸ್ಕೋಪಿನೊಳಗೆ ಕಪ್ಪು ಅಂಚು ಕಾಣುತ್ತದೆ. ಪ್ರಾಣಿ ಮೂರು ಸೆಕೆಂಡು ನಿಂತು ಮರೆಯಾಗುವುದಿದ್ದರೆ ಆ ಮೂರೂ ಸೆಕೆಂಡು ಕಪ್ಪು ಅಂಚನ್ನು ಸರಿಪಡಿಸುವುದರಲ್ಲೇ ಕಳೆದುಹೋಗುತ್ತವೆ. ನನ್ನ ರೈಫಲ್ಲಿನ ಸ್ಟಾಕನ್ನು, ಅಂದರೆ ಭುಜಕ್ಕೆ ಆನಿಸುವ ಮರದ ಭಾಗವನ್ನು, ಬಡಗಿ ಕೆಲಸ ಬಲ್ಲ ಬಂದೂಕು ರಿಪೇರಿಯವರ ಬಳಿ ಕೊಯ್ಯಿಸಿ 32.5 ಸೆಂಟಿಮೀಟರಿಗೆ ತಂದೆ, ಕೊನೆಗೆ ಮೆತ್ತನೆಯ ರಬ್ಬರ್ ಪ್ಯಾಡ್ ಹಾಕಿಸಿದೆ. ಹೊಂದದ ರೈಫಲ್ ಹೆಚ್ಚು ಒದೆಯುತ್ತದೆ ಎಂಬುದೂ ಇಲ್ಲಿಯೇ ಗೊತ್ತಾಗುವುದು: ಅದೇ ತೋಟಾ, ಅದೇ ತೂಕ, ಆದರೆ ಪ್ಯಾಡು ಭುಜದ ಗುಳಿಯಲ್ಲಿ ಪೂರ್ತಿ ಕೂತಾಗ ಪೆಟ್ಟು ಹರಡಿಕೊಳ್ಳುತ್ತದೆ.

ಅಂಗಡಿಯಲ್ಲಿ ರೈಫಲ್ ಪರೀಕ್ಷಿಸುವ ಸರಳ ವಿಧಾನವನ್ನು ಹುಡುಗಿಗೆ ತೋರಿಸಿಕೊಟ್ಟೆ. ಅದು ಖಾಲಿ ಇದೆಯೆಂದು ಬೋಲ್ಟ್ ತೆರೆದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಳ್ಳಬೇಕು. ಅಂಗಡಿಯವರ ಅನುಮತಿ ಪಡೆದು, ಜನರಿಲ್ಲದ ಗೋಡೆಯ ಕಡೆ ತಿರುಗಿ, ಕಾಡಿಗೆ ಹಾಕುವ ಜಾಕೆಟ್ಟನ್ನೇ ಹಾಕಿಕೊಂಡು, ಗೋಡೆಯ ಮೇಲಿನ ಒಂದು ಚುಕ್ಕಿಯನ್ನು ನೋಡಿ, ಕಣ್ಣು ಮುಚ್ಚಿ ರೈಫಲ್ಲನ್ನು ಭುಜಕ್ಕೆ ತಂದು, ಕೆನ್ನೆಯನ್ನು ಮರಕ್ಕೆ ಒರಗಿಸಿ, ಆಮೇಲೆ ಕಣ್ಣು ತೆರೆಯಬೇಕು. ಸ್ಕೋಪಿನ ವೃತ್ತ ಪೂರ್ತಿ ಬೆಳ್ಳಗೆ, ನಡುವಿನ ಗೆರೆ ಚುಕ್ಕಿಯ ಹತ್ತಿರವೇ ಇದ್ದರೆ ಆ ರೈಫಲ್ ನಿಮ್ಮದು. ಕತ್ತು ಹೊರಳಿಸಬೇಕಾಗಿ ಬಂದರೆ ಅದು ಇನ್ನೊಬ್ಬರದು, ಅಥವಾ ಕೊಯ್ಯಬೇಕಾದದ್ದು.

ಬೋಲ್ಟ್ ಇರುವ ರೈಫಲ್ಲೇ ಇರಲಿ. ಅರೆಸ್ವಯಂಚಾಲಿತವುಗಳನ್ನು ಬೇಟೆಗೆ ತರಲು ಬಿಡದ ದೇಶಗಳಿವೆ. ಬೋಲ್ಟ್‌ನಲ್ಲಿ ಎರಡು ಬಗೆ. 1898ರ ಮೌಸರ್ ಮಾದರಿಯಲ್ಲಿ ಅಗಲವಾದ ಉಕ್ಕಿನ ಉಗುರು ತೋಟಾವನ್ನು ಮ್ಯಾಗಜೀನಿನಿಂದ ಮೇಲೇಳುತ್ತಿದ್ದಂತೆಯೇ ಹಿಡಿದುಕೊಂಡು ಒಳಗೆ ಒಯ್ಯುತ್ತದೆ, ಖಾಲಿ ಕವಚವನ್ನು ಅದೇ ಉಗುರು ಎಳೆದು ಎಸೆಯುತ್ತದೆ. 1936ರ ವಿಂಚೆಸ್ಟರ್ ಮಾಡೆಲ್ 70 ಈ ದಾರಿಯಲ್ಲೇ ಹೆಸರು ಮಾಡಿತು. 1964ರಲ್ಲಿ ಕಂಪನಿ ಆ ಉಗುರನ್ನು ಕೈಬಿಟ್ಟಾಗ ಬೇಟೆಗಾರರು ಸಿಟ್ಟಾದದ್ದು ಈಗಲೂ ಮಾತಿನಲ್ಲಿದೆ. ಎರಡನೆಯ ಬಗೆ 1962ರ ರೆಮಿಂಗ್ಟನ್ 700ರಂಥದು. ಬೋಲ್ಟ್ ತೋಟಾವನ್ನು ಸುಮ್ಮನೆ ಮುಂದಕ್ಕೆ ತಳ್ಳುತ್ತದೆ, ಪೂರ್ತಿ ಒಳಗೆ ಹೋದ ಮೇಲೆ ಹಿಡಿಯುತ್ತದೆ. ಎಲ್ಕ್, ಜಿಂಕೆಗಳಿಗೆ ಎರಡೂ ಸಮ. ತಿರುಗಿ ಮೇಲೆರಗಬಲ್ಲ ಪ್ರಾಣಿಯ ಮುಂದೆ, ಗಾಬರಿಯಲ್ಲಿ ಬೋಲ್ಟನ್ನು ಅರ್ಧಕ್ಕೆ ಎಳೆದು ಮತ್ತೆ ತಳ್ಳುವ ಸಂಭವವಿರುವ ಕಡೆ, ನನಗೆ ಮೌಸರ್ ಉಗುರೇ ಬೇಕು.

ಕಾಡೆಮ್ಮೆ, ಸಿಂಹಗಳ ಮಾತು ಬಂದರೆ .30-06 ಸಾಲದು. ಆಫ್ರಿಕಾದ ಬಹಳ ದೇಶಗಳಲ್ಲಿ ಅಪಾಯಕಾರಿ ಪ್ರಾಣಿಗಳಿಗೆ 1912ರ .375 ಹಾಲೆಂಡ್ ಅಂಡ್ ಹಾಲೆಂಡ್ ಮ್ಯಾಗ್ನಮ್ ಕನಿಷ್ಠ ಅಳತೆ. 300 ಗ್ರೇನ್ ಗುಂಡಿನ ಆ ತೋಟಾ ಪುಟ್ಟ ಹುಲ್ಲೆಯಿಂದ ಆನೆಯವರೆಗೆ ಒಗ್ಗಿಕೊಂಡಿದೆ, ಒಂದೇ ರೈಫಲ್ ಎಂಬ ಮಾತಿಗೆ ಜಗತ್ತಿನಲ್ಲಿ ಅದಕ್ಕಿಂತ ಹತ್ತಿರವಾದದ್ದು ಇನ್ನೊಂದಿಲ್ಲ. ಆದರೆ ಒದೆತ .30-06ರ ಇಮ್ಮಡಿಯ ಹತ್ತಿರ. ನಮ್ಮ ಪರವಾನಗಿಯಲ್ಲಿ ಇರುವುದು ಎಲ್ಕ್. ಎಂದೋ ಒಂದು ದಿನ ಕಾಡೆಮ್ಮೆಗೆ ಹೋಗಬಹುದೆಂದು ಇಂದು .375 ಹೊತ್ತು ಬೆಟ್ಟ ಹತ್ತುವುದರಲ್ಲಿ ಅರ್ಥವಿಲ್ಲ. ಹೋಗುವ ಕಡೆಯ ನಿಯಮವನ್ನು ಮಾತ್ರ ಮೊದಲೇ ಓದಿಕೊಳ್ಳಬೇಕು. ಸ್ವೀಡನ್ನಿನಲ್ಲಿ ಮೂಸ್‌ಗೆ ಬಳಸುವ ತೋಟಾಕ್ಕೆ ನೂರು ಮೀಟರಿನಲ್ಲಿ ಉಳಿದಿರಬೇಕಾದ ಶಕ್ತಿಯನ್ನೇ ನಿಗದಿ ಮಾಡಿದ್ದಾರೆ: 10 ಗ್ರಾಂ ಮೇಲ್ಪಟ್ಟ ಗುಂಡಿಗೆ 2000 ಜೂಲ್, 9ರಿಂದ 10 ಗ್ರಾಂನದಕ್ಕೆ 2700.

ಸ್ಕೋಪಿನಲ್ಲಿ ಜನ ದೊಡ್ಡ ಅಂಕಿಗೆ ಮರುಳಾಗುತ್ತಾರೆ. ನನಗೆ 3-9×40, ಅಂದರೆ ಮೂರರಿಂದ ಒಂಬತ್ತು ಪಟ್ಟು ಹಿಗ್ಗಿಸುವ, ಮುಂದಿನ ಗಾಜು 40 ಮಿಲಿಮೀಟರ್ ಅಗಲದ್ದು ಸಾಕು, 2-7 ಆದರೂ ಸರಿ. ಕಾಡಿನೊಳಗೆ ನಡೆಯುವಾಗ ಯಾವಾಗಲೂ ಅತಿ ಕೆಳಗಿನ ಅಂಕಿಯಲ್ಲಿರಬೇಕು. ಹತ್ತಿರದ ಪ್ರಾಣಿಯನ್ನು ಹತ್ತರಷ್ಟು ಹಿಗ್ಗಿಸಿ ನೋಡಿದರೆ ಬರಿಯ ಕಂದು ರೋಮ ಕಾಣುತ್ತದೆ, ಅದು ಭುಜವೋ ತೊಡೆಯೋ ತಿಳಿಯುವುದಿಲ್ಲ. ಮುಸ್ಸಂಜೆಗೂ ಇದೇ ಲೆಕ್ಕ. ಗಾಜಿನ ಅಗಲವನ್ನು ಹಿಗ್ಗಿಸುವ ಅಂಕಿಯಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ಸಿಗುತ್ತದೆ. 40ನ್ನು 6ರಿಂದ ಭಾಗಿಸಿದರೆ 6.7 ಮಿಲಿಮೀಟರ್. ಕತ್ತಲಲ್ಲಿ ಕಣ್ಣಿನ ಪಾಪೆ ಅರಳುವುದು ಹೆಚ್ಚೆಂದರೆ 7ರಷ್ಟು. ಇನ್ನೂ ದೊಡ್ಡ ಗಾಜು ಹೊತ್ತು ಬೆಟ್ಟ ಹತ್ತಿದರೂ ಆ ಅಂಕಿಯಲ್ಲಿ ಹೆಚ್ಚುವರಿ ಬೆಳಕು ಕಣ್ಣಿನೊಳಗೆ ಹೋಗುವುದೇ ಇಲ್ಲ. ರೈಫಲ್ಲಿಗೆ ಸ್ಕೋಪನ್ನು ಕೂಡಿಸುವ ಉಂಗುರ ಮತ್ತು ಸ್ಕ್ರೂಗಳಿಗೆ ಮಾತ್ರ ಜಿಪುಣತನ ಮಾಡಬೇಡಿ.

ನಳಿಗೆ 22ರಿಂದ 24 ಅಂಗುಲ, ತುಕ್ಕು ಹಿಡಿಯದ ಉಕ್ಕಾದರೆ ಒಳ್ಳೆಯದು, ಸ್ಟಾಕ್ ಮಳೆಗೆ ಉಬ್ಬದ ಸಿಂಥೆಟಿಕ್ ಆದರೆ ಇನ್ನೂ ಒಳ್ಳೆಯದು. ನನ್ನದು ವಾಲ್ನಟ್ ಮರದ್ದು. ಅದರ ನಾರಿನ ಗೆರೆಗಳ ಮೇಲೆ ನನಗೆ ಮೋಹವಿದೆ, ಅದಕ್ಕಾಗಿ ಪ್ರತಿ ಮಳೆಯ ನಂತರ ಒರೆಸಿ ಎಣ್ಣೆ ಸವರುವ ಕೆಲಸವನ್ನು ಖುಷಿಯಿಂದಲೇ ಮಾಡುತ್ತೇನೆ.

ಗುರಿ ಹೊಂದಿಸುವುದು ಇನ್ನೂರು ಮೀಟರಿಗೆ. 165 ಗ್ರೇನ್ ಗುಂಡು ಆಗ ನೂರು ಮೀಟರಿನಲ್ಲಿ ಸುಮಾರು 6 ಸೆಂಟಿಮೀಟರ್ ಮೇಲೆ, ಮುನ್ನೂರರಲ್ಲಿ ಸುಮಾರು 23 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಪ್ರಾಂಗ್‌ಹಾರ್ನ್‌ನ ಎದೆಗೂಡಿನಲ್ಲಿ ಗುಂಡು ಸೇರಬೇಕಾದ ಜಾಗ 20 ಸೆಂಟಿಮೀಟರ್ ಅಗಲ. ಇನ್ನೂರೈವತ್ತರವರೆಗೆ ನಡುವಿಗಿಂತ ತುಸು ಮೇಲೆ ಹಿಡಿದರೆ ಸಾಕಾಗುತ್ತದೆ. ಮುನ್ನೂರರಾಚೆ ಲೆಕ್ಕ ಗುಂಡು ಬೀಳುವುದರದ್ದಲ್ಲ, ಗಾಳಿಯದು. ಗಂಟೆಗೆ ಹದಿನಾರು ಕಿಲೋಮೀಟರ್ ವೇಗದ ಅಡ್ಡಗಾಳಿ ಅಷ್ಟು ದೂರದಲ್ಲಿ ಗುಂಡನ್ನು ಒಂದು ಗೇಣಿನ ಹತ್ತಿರ ಸರಿಸುತ್ತದೆ. ಮೇಜಿನ ಮೇಲೆ ಮರಳುಚೀಲ ಇಟ್ಟು ಹೊಡೆದ ಗುಂಪನ್ನು ನೋಡಿ ಯಾರೂ ತಮ್ಮ ದೂರವನ್ನು ನಿರ್ಧರಿಸಬಾರದು. ಮೊಣಕಾಲೂರಿ, ಕುಳಿತು, ಊರುಗೋಲುಗಳ ಮೇಲೆ ಇಟ್ಟು, ಓಡಿಬಂದು ಏದುಸಿರು ಬಿಡುತ್ತ ಹೊಡೆದಾಗ ಊಟದ ತಟ್ಟೆಯಷ್ಟು ಗುರಿಗೆ ಎಲ್ಲ ಗುಂಡುಗಳೂ ಬೀಳುವ ದೂರ ಎಷ್ಟೋ, ಅದೇ ನಮ್ಮ ದೂರ. ನನ್ನದು ಇನ್ನೂರೈವತ್ತು. ಅದರಾಚೆ ನಿಂತ ಪ್ರಾಣಿಯ ಬಳಿಗೆ ನಡೆದು ಹೋಗುತ್ತೇನೆ, ಆಗದಿದ್ದರೆ ಬಿಟ್ಟುಬಿಡುತ್ತೇನೆ.

ಹುಡುಗಿ ಕೊನೆಗೆ ಆರಿಸಿದ್ದು .308. ಯಾರೋ ಚೆನ್ನಾಗಿ ನೋಡಿಕೊಂಡಿದ್ದ ಹಳೆಯ ಬೋಲ್ಟ್ ರೈಫಲ್, ಗಿಡ್ಡ ಸ್ಟಾಕ್, ಸ್ಕೋಪ್ ಸೇರಿ ಮೂರೂವರೆ ಕಿಲೋ. ‘ನಿಮ್ಮದು .30-06, ನನ್ನದು .308, ಬೇಸರವಿಲ್ಲವಲ್ಲ ಅಕ್ಕಾ?’ ಎಂದು ಕೇಳಿದಳು. ಅವಳ ಭುಜಕ್ಕೆ ಅದೇ ಸರಿ ಎಂದು ಮನಸಾರೆ ಹೇಳಿದೆ. ಹೊಸ ರೈಫಲ್ಲಿಗೆ ಹೋಗಬೇಕಿದ್ದ ಹಣದಲ್ಲಿ ಉಳಿದದ್ದಕ್ಕೆ ಒಂದೇ ಲಾಟಿನ ತಾಮ್ರದ ಗುಂಡಿನ ತೋಟಾ ಕೊಳ್ಳಿಸಿದೆ, ಏಕೆಂದರೆ ಲಾಟು ಬದಲಾದರೆ ಗುಂಡು ಬೀಳುವ ಜಾಗವೂ ಬದಲಾಗಬಹುದು. ವಿಮಾನದಲ್ಲಿ ಒಬ್ಬರಿಗೆ ಐದು ಕಿಲೋ ತೋಟಾಕ್ಕೆ ಮಾತ್ರ ಅವಕಾಶ, ಅದೂ ಕೆಳಗೆ ಹೋಗುವ ಸಾಮಾನಿನಲ್ಲಿ. ಅರವತ್ತು ತೋಟಾ ಒಯ್ದರೆ ಧಾರಾಳ. ರೈಫಲ್ ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿ. ಇಳಿದ ಮೇಲೆ ಮೊದಲ ಕೆಲಸ, ಶಿಬಿರದಲ್ಲಿ ಕಾಗದದ ಗುರಿಗೆ ಮೂರು ಈಡು. ಅವು ಬೀಳಬೇಕಾದ ಕಡೆ ಬೀಳುವವರೆಗೆ ನಮ್ಮಲ್ಲಿ ಯಾರೂ ಬೆಟ್ಟದ ಕಡೆ ಹೊರಡುವುದಿಲ್ಲ ಎಂದು ಈಗಲೇ ಒಪ್ಪಿಕೊಂಡಿದ್ದೇವೆ.